ಒಂಟಿ ಸೀಟಿನ ಬಂಡಿ

ಆ ರೇಸಿಗೆ ಪಾಯಿಂಟ್ ಇರಲಿಲ್ಲ. ಅದಕ್ಕೇ ನಮ್ಮ ಯಜಮಾನರಿಗೆ ಅದರಲ್ಲಿ ಜಾಗ ಸಿಕ್ಕಿತು. ಪಾಯಿಂಟ್ ಇರುವ ರೇಸುಗಳು ಮದ್ರಾಸಿನ ಕಡೆ ನಡೆಯುತ್ತವಂತೆ. ವರ್ಷವಿಡೀ ಓಡಿಸಿ ಪಾಯಿಂಟ್ ಕೂಡಿಸಬೇಕಂತೆ, ಅಲ್ಲಿ ಲೈಸೆನ್ಸ್ ಬೇಕು, ಹಿಂದೆ ಒಂದು ಕಂಪನಿ ಬೇಕು. ಇದು ಹಾಗಲ್ಲ. ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರು ಕಡೆ ಹೋಗುವಲ್ಲಿ ಹಳೇ ರಸ್ತೆಯ ಪಕ್ಕದಲ್ಲೇ ಹೊಸ ರಸ್ತೆ ಹಾಕಿದ್ದರು. ಟಾರು ಒಣಗಿತ್ತು, ಬಸ್ಸು ಲಾರಿ ಇನ್ನೂ ಬಿಟ್ಟಿರಲಿಲ್ಲ. ಹೊಸದರಲ್ಲಿ ಹೋಗಿ, ಕೊನೆಯಲ್ಲಿ ತಿರುಗಿ, ಹಳೇದರಲ್ಲಿ ವಾಪಸ್ಸು ಬಂದರೆ ಒಂದು ಸುತ್ತು. ಬೆಂಗಳೂರಿನ ರೇಸಿನವರು ಅದನ್ನು ನೋಡಿ ಒಂದು ಭಾನುವಾರ ಬರೀ ಒಂದು ಕಪ್ಪಿಗಾಗಿ ಓಡಿಸೋಣ ಅಂತ ತೀರ್ಮಾನ ಮಾಡಿದರು. ಒಂದೇ ಸೀಟು ಇರಬೇಕು. ಗಾಲಿಗಳು ಮೈಯಿಂದ ಆಚೆಗೆ ಬಿಚ್ಚಿಕೊಂಡಿರಬೇಕು. ಇಂಜಿನ್ ಇಂತಿಷ್ಟಕ್ಕಿಂತ ದೊಡ್ಡದಿರಬಾರದು. ಅಷ್ಟಿದ್ದರೆ ಯಾರು ಬೇಕಾದರೂ ಬರಬಹುದು, ಸ್ವಂತ ಕೈಯಲ್ಲಿ ಕಟ್ಟಿದ ಬಂಡಿಯಾದರೂ ನಡೆದೀತು.

ಈ ಸುದ್ದಿಯನ್ನು ಚಳ್ಳಕೆರೆಯ ನಮ್ಮ ಕುಲುಮೆಗೆ ತಂದವರು ಎಣ್ಣೆ ಮಿಲ್ಲಿನ ಸಾಹುಕಾರರು. ಅವರ ಮಿಲ್ಲಿನ ಯಂತ್ರ ಕೆಟ್ಟರೆ ರಿಪೇರಿ ನಮ್ಮದು. ಅವರ ಕಾರು ಲಾರಿಗೆ ಗುದ್ದಿ ಜಜ್ಜಿಹೋಗಿತ್ತು. ಇಂಜಿನ್ ಮಾತ್ರ ಗಟ್ಟಿಯಾಗಿ ಉಳಿದು ನಮ್ಮ ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ಕೂತಿತ್ತು.

“ಆಚಾರ್ರೆ, ದಿನಾ ಅದರ ಮುಂದೆ ಕೂತು ಬೀಡಿ ಸೇದ್ತೀರಲ್ಲ, ಅದಕ್ಕೊಂದು ಬಂಡಿ ಕಟ್ರಿ ನೋಡಾನ. ನಮ್ಮ ಮಿಲ್ಲಿನ ಹೆಸರು ಬರೀರಿ, ಸಾಕು,” ಅಂದರು.

ನಮ್ಮ ಯಜಮಾನರು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು. “ಓಡ್ಸೋರು ಯಾರು?”

“ಕಟ್ಟಿದೋರೇ ಓಡ್ಸಬೇಕು.”

ಆಗ ಅವರಿಗೆ ಐವತ್ತು ದಾಟಿತ್ತು. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸುವುದೇ ನಮ್ಮ ಕಸುಬು. ಗಾಡಿಗಳೆಲ್ಲ ರಬ್ಬರಿನ ಟೈರಿಗೆ ತಿರುಗಿ ಆ ಕೆಲಸ ಮುಕ್ಕಾಲು ನಿಂತಿತ್ತು. ಲಾರಿ, ಟ್ರಾಕ್ಟರು ಎಲ್ಲ ಓಡಿಸಿ ಬಲ್ಲವರು. ವೇಗ ಅಂದರೆ ಅವರಿಗೆ ಮೊದಲಿಂದಲೂ ಒಂದು ಚಟ. ಸಾಹುಕಾರರು ತಮಾಷೆಗೆ ಅಂದರೋ ನಿಜಕ್ಕೆ ಅಂದರೋ, ಇವರು ಮರುದಿನ ಬೆಳಿಗ್ಗೆ ಶೆಡ್ಡಿನ ನೆಲದ ಮೇಲೆ ಕಾಲು ಚಾಚಿ ಮಲಗಿ, “ಲೇ ಇವಳೇ, ನನ್ನ ಸುತ್ತ ಸುಣ್ಣದಾಗೆ ಗೀಟು ಹಾಕು,” ಅಂದರು. ಹಾಕಿದೆ. ಆ ಗೀಟಿನ ಅಳತೆಗೇ ಬಂಡಿ ಆಯಿತು. ಬೇರೆ ಯಾರೂ ಅದರಲ್ಲಿ ಕೂರುವ ಹಾಗಿರಲಿಲ್ಲ.

ಚೌಕಟ್ಟಿಗೆ ಕಬ್ಬಿಣದ ಚೌಕ ಪೈಪು. ಮುಂದಿನ ಗಾಲಿಗಳಿಗೆ ಹಳೇ ಜೀಪಿನ ಕಮಾನು ಪಟ್ಟಿ ಕಾಯಿಸಿ, ತೆಳ್ಳಗೆ ಬಡಿದು, ಮತ್ತೆ ಹದ ಹಾಕಿದೆವು. ಹದ ಹೆಚ್ಚಾಗಿ ಮೊದಲ ಪಟ್ಟಿ ಗಾಜಿನ ಹಾಗೆ ಒಡೆಯಿತು. ಎರಡನೆಯದು ಮೆತ್ತಗಾಗಿ ಬಗ್ಗಿತು. ಮೂರನೆಯದು ನಿಂತಿತು. ಇಂಜಿನ್ ಬೆನ್ನ ಹಿಂದೆ ಕೂರಿಸಿದರು. ಮೈಗೆ ತಗಡು ಬೇಕಲ್ಲ, ಸಾಹುಕಾರರ ಮಿಲ್ಲಿನ ಖಾಲಿ ಎಣ್ಣೆ ಡಬ್ಬಗಳನ್ನು ಸೀಳಿ ಚಪ್ಪಟೆ ಮಾಡಿ ಹೊದಿಸಿದೆವು. ಇಂಜಿನ್ ಕಾದರೆ ಬಂಡಿಯಿಂದ ಶೇಂಗಾ ಎಣ್ಣೆಯ ವಾಸನೆ ಬರುತ್ತಿತ್ತು. ಬೀದಿಯವರು ಬಂದು ನೋಡಿ, “ಆಚಾರ್ರೆ, ಗಾಲಿಗೆ ಬಟ್ಟೆ ಹೊಲ್ಸೋದು ಮರ್ತೀರೇನು?” ಅಂತ ನಗುತ್ತಿದ್ದರು. “ಬೆತ್ತಲೆ ಗಾಲಿನೇ ರೂಲು ಕಣ್ರಪ್ಪ. ನೀವು ನಿಮ್ಮ ಬಟ್ಟೆ ನೋಡ್ಕಳ್ರಿ,” ಅನ್ನುತ್ತಿದ್ದರು ಇವರು.

ಕುಲುಮೆಯಲ್ಲಿ ಗಂಡ ಹೆಂಡಿರ ಕೆಲಸ ಹೀಗೆ. ಗಂಡ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು, ಎಲ್ಲಿ ಏಟು ಬೀಳಬೇಕೋ ಅಲ್ಲಿ ಸಣ್ಣ ಸುತ್ತಿಗೆಯಿಂದ ಟಿಣ್ ಅಂತ ತಟ್ಟುತ್ತಾನೆ. ಹೆಂಡತಿ ನಿಂತು ದೊಡ್ಡ ಸುತ್ತಿಗೆಯಲ್ಲಿ ಅಲ್ಲೇ ಹೊಡೆಯುತ್ತಾಳೆ. ಅವನು ತಟ್ಟುವುದು, ಇವಳು ಹೊಡೆಯುವುದು. ಮಾತು ಬೇಕಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಮಾಡಿದ್ದು ಅದನ್ನೇ. ಬಂಡಿ ಕಟ್ಟುವ ಹೊತ್ತಿಗೆ ಅವರ ತಟ್ಟು ತಪ್ಪತೊಡಗಿತ್ತು. ಒಂದು ಬೆರಳು ಆಚೆ, ಎರಡು ಬೆರಳು ಈಚೆ. ನಾನು ಅವರು ತಟ್ಟಿದ ಕಡೆ ಹೊಡೆಯದೆ ಬೇಕಾದ ಕಡೆ ಹೊಡೆಯುತ್ತ ಬಂದೆ. ಕೆಲಸ ನೆಟ್ಟಗೆ ಬರುತ್ತಿತ್ತು. ಅವರು ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಅವರ ಎರಡೂ ಕಣ್ಣಿನ ಪಾಪೆಯಲ್ಲಿ ನೀರು ಮಜ್ಜಿಗೆಯ ಬಣ್ಣ ಬಂದಿತ್ತು. ಒಂದು ದಿನ ತಿದಿ ಒತ್ತುತ್ತಾ ಹೇಳಿದೆ, “ಪೊರೆ ತೆಗೆಸ್ಕಳ್ರಿ. ದುರ್ಗದಾಗೆ ಮಾಡ್ತಾರಂತೆ.”

“ತೆಗೆಸಿದ್ರೆ ಬೆಂಕಿ ಮುಂದೆ ಕೂರಂಗಿಲ್ಲ ಅಂತಾರೆ. ಬಂಡಿ ಯಾರು ಮುಗಿಸ್ತಾರೆ, ನಿಮ್ಮಪ್ಪನಾ?”

“ನಮ್ಮಪ್ಪ ಸತ್ತು ಮಣ್ಣಾಗ್ಯಾನೆ.”

“ಮತ್ತೆ ಸುಮ್ನೆ ತಿದಿ ಒತ್ತು. ರೇಸ್ ಮುಗೀಲಿ, ಆಮೇಲೆ ಕಣ್ಣು.”

ಬಂಡಿ ಮುಗಿದ ಮೇಲೆ ನನ್ನನ್ನು ಕರೆದುಕೊಂಡು ಹೋಗಿ ಆ ರಸ್ತೆಯನ್ನು ಪೂರ್ತಿ ಕಾಲ್ನಡಿಗೆಯಲ್ಲಿ ಸುತ್ತಿದರು. ಎಲ್ಲಿ ಇಳಿಜಾರು, ಎಲ್ಲಿ ತಿರುವು, ಎಲ್ಲಿ ಹೊಸ ಟಾರು ಹಳೇದಕ್ಕೆ ಸೇರುವಲ್ಲಿ ಒಂದು ಅಂಚು ಏಳುತ್ತದೆ, ಎಲ್ಲವನ್ನೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದು ತಿಳಿದುಕೊಂಡರು. ರಸ್ತೆ ಅವರ ಅಂಗಾಲಿಗೆ ಬಂತು. ನನಗೂ ಅವತ್ತು ಧೈರ್ಯ ಬಂತು. ರಸ್ತೆ ಅಲ್ಲೇ ಇರುತ್ತದೆ, ಓಡಾಡುವುದಿಲ್ಲ, ಕಾಣದಿದ್ದರೂ ಓಡಿಸಿಯಾರು ಅಂದುಕೊಂಡೆ.

ಶನಿವಾರ ಪ್ರಾಕ್ಟೀಸು. ಸಾಹುಕಾರರ ಲಾರಿಯ ಮೇಲೆ ಬಂಡಿ ಏರಿಸಿಕೊಂಡು ಹೋದೆವು. ಹೊರಗಿನಿಂದ ಬಂದ ಬಂಡಿಗಳು ಗಿಳಿಯ ಮೂಗಿನ ಹಾಗೆ ಚೂಪಾಗಿ, ಬಣ್ಣ ಬಣ್ಣವಾಗಿ ನಿಂತಿದ್ದವು. ನಮ್ಮದು ಅವುಗಳ ಮಧ್ಯೆ ಡಬ್ಬದ ಹಾಗೆಯೇ ಕಂಡಿತು. ಪಕ್ಕದಲ್ಲಿ ಕೊಯಮತ್ತೂರಿನ ಡ್ರೈವರೊಬ್ಬರು ಇದ್ದರು. ನೀಳ ಕಾಲಿನ ಆಳು, ಕನ್ನಡ ಅಷ್ಟಿಷ್ಟು ಬರುತ್ತಿತ್ತು. ನಮ್ಮ ಕಮಾನು ಪಟ್ಟಿಯನ್ನು ಬೆರಳಲ್ಲಿ ಮೀಟಿ ನೋಡಿ, “ಯಾರು ಹದ ಹಾಕಿದ್ದು?” ಅಂತ ಕೇಳಿದರು. ಯಜಮಾನರು, “ನಾವಿಬ್ರೂ,” ಅಂದರು. ಆ ಒಂದು ಮಾತು ನನಗೆ ಇನ್ನೂ ನೆನಪಿದೆ.

ಓಡಿಸುವವರನ್ನೆಲ್ಲ ಡಾಕ್ಟರು ಪರೀಕ್ಷೆ ಮಾಡಿದರು. ಗೋಡೆಗೆ ಹಾಕುವ ಅಕ್ಷರದ ಹಲಗೆಯನ್ನು ಟೆಂಟಿನ ಕಂಬಕ್ಕೆ ತೂಗುಹಾಕಿ ಓದಿ ಅಂದರು. ಇವರು ನಾಚಿಕೆಯಿಲ್ಲದೆ, “ನಾನು ಸಾಲಿಗೆ ಹೋದೋನಲ್ಲ ಸ್ವಾಮಿ, ಅಕ್ಷರ ಬರಲ್ಲ,” ಅಂದರು. ನಿಜವೇ. ಡಾಕ್ಟರು ಪಾಪ ಅಂದುಕೊಂಡು ಮುಖದ ಹತ್ತಿರವೇ ಬೆರಳು ಎತ್ತಿ ಎಣಿಸಿ ಅಂದರು. ಎಣಿಸಿಬಿಟ್ಟರು. ಹೊರಗೆ ಬಂದು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಓದು ಬಾರದಿದ್ದದ್ದು ಜೀವನದಲ್ಲಿ ಒಂದೇ ಸಲ ಉಪಯೋಗಕ್ಕೆ ಬಂತು ಅನ್ನುವ ನಗೆ.

ಪ್ರಾಕ್ಟೀಸಿನಲ್ಲಿ ಮೊದಲ ಸುತ್ತುಗಳು ಚೆನ್ನಾಗೇ ಆದವು. ಬಂಡಿ ನಿಲ್ಲಿಸುವ ಜಾಗದ ಎದುರಿಗೇ ಒಂದು ದೊಡ್ಡ ತಿರುವು, ತಿರುವಿಗೆ ಒಂದು ಬೇವಿನ ಮರ. ನಾನು ಅಲ್ಲೇ ನಿಂತಿದ್ದೆ. ಎಷ್ಟು ಹೊತ್ತಿಗೆ ಬ್ರೇಕ್ ಹಿಡಿಯಬೇಕೋ ಅಷ್ಟಕ್ಕೆ ಸರಿಯಾಗಿ ಹಿಡಿದು ತಿರುಗಿಸುತ್ತಿದ್ದರು. ಸಾಹುಕಾರರು ಪಂಚೆ ಎತ್ತಿ ಕಟ್ಟಿ, “ಹೊಡೀರಿ ಆಚಾರ್ರೆ, ಹೊಡೀರಿ,” ಅಂತ ಕೂಗುತ್ತಿದ್ದರು.

ಆಮೇಲೆ ಕುರಿ ಬಂದವು. ಕುರಿ ಮೇಯುವ ಕಾವಲಿನ ಕಡೆಯಿಂದ ಒಂದು ಮಂದೆ ಬೇಲಿಯ ಹಗ್ಗದಡಿ ನುಸುಳಿ ರಸ್ತೆಗೆ ಇಳಿಯಿತು. ತಿರುವಿಗಿಂತ ಮುಂಚೆ ನಿಂತಿದ್ದ ಬಾವುಟದವನು ಹಳದಿ ಬಾವುಟ ಬೀಸಿದ. ಹಳದಿ ಅಂದರೆ ಮುಂದೆ ಅಪಾಯ ಇದೆ, ನಿಧಾನ. ಮುಂದಿದ್ದ ಎರಡು ಬಂಡಿ ನಿಧಾನವಾದವು. ನಮ್ಮದು ಆಗಲಿಲ್ಲ. ಬಾವುಟದವನು ಕುಣಿದ, ಕೂಗಿದ. ನಮ್ಮದು ಹಾಗೇ ಬಂತು. ಕುರಿಗಳ ಮೈ ಹತ್ತಿರಕ್ಕೆ ಬಂದ ಮೇಲೆ ಏನೋ ಬೆಳ್ಳಗೆ ಕಂಡಿರಬೇಕು, ಪಕ್ಕಕ್ಕೆ ಎಳೆದರು. ಬಂಡಿ ಮಣ್ಣಿಗಿಳಿದು, ಗಿರಗಿರ ತಿರುಗಿ, ಧೂಳಿನ ಒಳಗೆ ನಿಂತಿತು. ಒಂದು ಕುರಿಯ ಬಾಲಕ್ಕೂ ತಾಗಲಿಲ್ಲ. ಕುರಿ ಕಾಯುವ ಹೆಂಗಸು ಕೋಲು ಹಿಡಿದು ಓಡಿ ಬಂದು ಅವರ ಹೆಲ್ಮೆಟ್ಟಿನ ಮೇಲೆ ಟಕ್ ಅಂತ ಕುಟ್ಟಿ, “ಕಳ್ಳು ಕನಪಡವಾ ನೀಕು?” ಅಂತ ತೆಲುಗಿನಲ್ಲಿ ಬೈದಳು. ಕಣ್ಣು ಕಾಣಲ್ವಾ ನಿನಗೆ ಅಂತ. ಅವಳಿಗೆ ಅದು ಬರೀ ಬೈಗುಳ.

ರೇಸಿನ ಉಸ್ತುವಾರಿಯವರು, ಬಿಳಿ ಟೋಪಿಯ ಸಾಹೇಬರು, ಓಡಿ ಬಂದರು. “ಏನಾಯ್ತು ಆಚಾರ್ರೆ?”

“ಬ್ರೇಕ್ ಹಿಡೀಲಿಲ್ಲ ಸ್ವಾಮಿ.”

“ನಾಳೆ ಬೆಳಿಗ್ಗೆಯೊಳಗೆ ಸರಿ ಮಾಡ್ಕೊಳ್ಳಿ. ಇಲ್ಲದಿದ್ರೆ ಬಿಡಲ್ಲ,” ಅಂದು ಹೋದರು. ನಂಬಿಬಿಟ್ಟರು.

ಆ ಬ್ರೇಕಿನ ಎಣ್ಣೆಯಲ್ಲಿ ಸೇರಿದ್ದ ಗಾಳಿ ಬೆಳಿಗ್ಗೆ ತೆಗೆದು ಹಿಡಿತ ಗಟ್ಟಿ ಮಾಡಿದವಳು ನಾನು. ಕೂತು ಪೆಡಲ್ ಒತ್ತಿ ನೋಡಿದೆ, ಕಲ್ಲಿನ ಹಾಗೆ ಗಟ್ಟಿ. ಗಾಲಿ ಎತ್ತಿ ತಿರುಗಿಸಿ ನೋಡಿದೆ. ಏನೂ ಆಗಿರಲಿಲ್ಲ. ಯಜಮಾನರು ದೂರದಲ್ಲಿ ಕೂತು ನೀರು ಕುಡಿಯುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ರಸ್ತೆ ಅಲ್ಲೇ ಇರುತ್ತದೆ ಅಂದುಕೊಂಡಿದ್ದೆ. ರಸ್ತೆಯ ಮೇಲೆ ಬರುವುದು ಅಲ್ಲೇ ಇರುವುದಿಲ್ಲವಲ್ಲ. ನಾಳೆ ಅಲ್ಲಿ ಕುರಿಯ ಬದಲು ಒಂದು ಬಂಡಿ ಮಗುಚಿಕೊಂಡಿದ್ದರೆ, ಅದರೊಳಗೆ ಒಬ್ಬ ಮನುಷ್ಯ ಇದ್ದರೆ. ಇವರೂ ಉಳಿಯುವುದಿಲ್ಲ, ಅವನೂ ಉಳಿಯುವುದಿಲ್ಲ.

ಹೊರಗಿನವರ ಮುಂದೆ ಗಂಡನ ಮಾತಿಗೆ ಎದುರಾಡಿದವಳಲ್ಲ ನಾನು. ಸ್ಪಾನರು ಕೆಳಗಿಟ್ಟು, ಕೈ ಒರೆಸಿಕೊಂಡು, ಸಾಹೇಬರ ಟೆಂಟಿಗೆ ಹೋದೆ.

“ಸಾಹೇಬ್ರೆ, ಬ್ರೇಕಿಗೆ ಏನೂ ಆಗಿಲ್ಲ. ನಮ್ಮ ಯಜಮಾನ್ರಿಗೆ ಕಣ್ಣು ಕಾಣಲ್ಲ.”

ಅವರು ನನ್ನ ಮುಖ ನೋಡಿದರು. “ಯೋಚನೆ ಮಾಡಿ ಹೇಳ್ತಿದೀರಾ ಅಮ್ಮ?”

“ಯೋಚನೆ ಮಾಡಾಕೆ ಏನೈತೆ ಅದ್ರಾಗೆ.”

ಸಾಹೇಬರು ಒಳ್ಳೆಯವರು, ನನ್ನ ಹೆಸರು ಎತ್ತಲಿಲ್ಲ. “ಆಚಾರ್ರೆ, ಎಲ್ಲರಿಗೂ ಬಾವುಟದ ಪರೀಕ್ಷೆ ಮಾಡ್ತಿದೀವಿ, ಬನ್ನಿ,” ಅಂದರು. ಬಾವುಟದವನನ್ನು ರಸ್ತೆಯ ಮೇಲೆ ದೂರಕ್ಕೆ ಕಳಿಸಿದರು. ಅವನು ಒಂದು ಬಾವುಟ ಎತ್ತಿದ.

“ಯಾವುದು?”

“ಹಳದಿ,” ಅಂದರು ಇವರು, ಸ್ವಲ್ಪವೂ ತಡೆಯದೆ. ಅದು ಕೆಂಪು.

“ಈಗ?”

“ಕೆಂಪು.”

ಬಾವುಟದವನು ಆಗ ಏನನ್ನೂ ಎತ್ತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಿದ್ದ.

ಯಾರೂ ನಗಲಿಲ್ಲ. ಸಾಹೇಬರು ಅವರ ಹೆಗಲ ಮೇಲೆ ಕೈ ಇಟ್ಟು, “ಬಿಡಿ ಆಚಾರ್ರೆ, ಸಾಕು,” ಅಂದರು. ಯಜಮಾನರು ಬಾವುಟದ ಕಡೆ ನೋಡುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು. ನಾನು ನಿಂತ ಜಾಗ ಅವರಿಗೆ ಸರಿಯಾಗಿ ಗೊತ್ತಿತ್ತು.

ಸಾಹುಕಾರರಿಗೆ ಸಿಟ್ಟು ಬಂತು. “ಗಂಡನ ಮರ್ಯಾದಿ ತೆಗೆದ್ಯಲ್ಲಮ್ಮ. ನನಗೆ ಒಂದು ಮಾತು ಹೇಳಿದ್ರೆ ಏನಾದ್ರೂ ನೆಪ ಹೇಳಿ ನಿಲ್ಲಿಸ್ತಿದ್ದೆ.”

“ನೀವು ನಿಲ್ಲಿಸ್ತಿರ್ಲಿಲ್ಲ ಸಾವ್ಕಾರ್ರೆ. ಮಿಲ್ಲಿನ ಹೆಸರು ಬರೆದೈತೆ,” ಅಂದೆ. ಅವರು ಪಂಚೆ ಕೊಡವಿಕೊಂಡು ಲಾರಿಯ ಕಡೆ ಹೋದರು.

ಅವತ್ತೇ ಮಧ್ಯಾಹ್ನ ಕೊಯಮತ್ತೂರಿನವರ ಬಂಡಿಯ ಇಂಜಿನ್ ಬಿಗಿದುಕೊಂಡು ಸೀಜ್ ಆಗಿ ಕೂತಿತು. ಅವರು ಸಾಹೇಬರನ್ನು ಕೇಳಿದರು, ಸಾಹೇಬರು ಸಾಹುಕಾರರನ್ನು ಕೇಳಿದರು, ಸಾಹುಕಾರರು ನಮ್ಮವರನ್ನು ಕೇಳಿದರು. ಬೇರೆ ಡ್ರೈವರ್ ಕೂತರೆ ನಮ್ಮ ಬಂಡಿ ಓಡಬಹುದು, ಅದರಲ್ಲಿ ಅವರು ಕೂರಬಹುದಾ ಅಂತ. ನಮ್ಮವರು ಬಂಡಿಯ ಮೂಗಿನ ಮೇಲೆ ಕೈಯಾಡಿಸಿದರು. ಆಮೇಲೆ, “ಅವರ ಕಾಲು ಉದ್ದ. ಪೆಡಲ್ ಮುಂದಕ್ಕೆ ಹೋಗ್ಬೇಕು,” ಅಂದರು. ಅಷ್ಟೇ ಒಪ್ಪಿಗೆ.

ಬಂಡಿಯ ಮೂಗು ಬಿಚ್ಚಿ, ಪೆಡಲ್ ಕೂತಿದ್ದ ಅಡ್ಡಪಟ್ಟಿ ಕತ್ತರಿಸಿ, ಒಂದು ಗೇಣು ಮುಂದಕ್ಕೆ ಹೊಸದಾಗಿ ಬೆಸೆಯಬೇಕಿತ್ತು. ರೇಸಿನವರ ಜನರೇಟರಿನಿಂದ ವೆಲ್ಡಿಂಗ್ ಎಳೆದುಕೊಂಡೆವು. ನಾನು ಪಟ್ಟಿ ಹಿಡಿದು ಕೂತೆ. ಯಜಮಾನರು ವೆಲ್ಡಿಂಗ್ ಹೋಲ್ಡರನ್ನೂ ಕಣ್ಣಿಗೆ ಹಿಡಿಯುವ ಕರೀ ಗಾಜನ್ನೂ ನನ್ನ ಮಡಿಲಿಗೆ ಹಾಕಿದರು.

“ನೀನೇ ಹಾಕು ಬೆಸುಗೆ. ನಂಗೆ ಕಣ್ಣು ಕಾಣಲ್ವಲ್ಲ.”

ಮನೆಯಲ್ಲಿ ಒಮ್ಮೊಮ್ಮೆ ಹಾಕಿದ್ದೆ, ಹೊರಗಿನವರ ಮುಂದೆ ಹಾಕಿದವಳಲ್ಲ. ಹಾಕಿದೆ. ಗೆರೆ ಅಂಕುಡೊಂಕಾಯಿತು, ಹಿಡಿತ ಗಟ್ಟಿಯಿತ್ತು. ಅವರು ಬಿಸಿ ಆರುವ ಮುಂಚೆಯೇ ಅದರ ಮೇಲೆ ಬೆರಳಾಡಿಸಿ ನೋಡಿದರು. ಕೊಯಮತ್ತೂರಿನವರು ಸ್ಪಾನರು ತರಲು ಆಚೆ ಹೋಗಿದ್ದರು. ಆಗ ತಲೆ ತಗ್ಗಿಸಿಕೊಂಡೇ ಅಂದರು:

“ನಾನು ತಟ್ಟಿದ ಕಡೆ ನೀನು ಹೊಡೀತಿರ್ಲಿಲ್ಲ. ನಂಗೆ ಕೈಗೆ ಗೊತ್ತಾಗ್ತಿತ್ತು. ಅಷ್ಟು ದಿನ ಮುಚ್ಕಂಡು ಬಂದೋಳು, ಇನ್ನೊಂದು ದಿನ ಮುಚ್ಚಬಾರ್ದಿತ್ತಾ?”

“ಅಲ್ಲಿ ಕಬ್ಬಿಣ ಇತ್ತು. ಇಲ್ಲಿ ಜೀವ ಐತೆ,” ಅಂದೆ.

“ನಂದೇ ಅಲ್ವಾ ಜೀವ.”

“ನಿಮ್ದೊಂದೇ ಅಲ್ಲ.”

ಅವರು ಎದ್ದರು. ಸೀಟಿನಲ್ಲಿ ಬೆನ್ನಿಗೆ ಒತ್ತಾಗಿ ಇಟ್ಟಿದ್ದ ತಮ್ಮ ಹಳೇ ಕಂಬಳಿಯ ತುಂಡನ್ನು ಎಳೆದು ತೆಗೆದು ಹೆಗಲಿಗೆ ಹಾಕಿಕೊಂಡರು. ನೀಳ ಬೆನ್ನಿನವರಿಗೆ ಅದು ಬೇಕಿರಲಿಲ್ಲ.

ಭಾನುವಾರ ಜನ ಬಂದರು. ತಳಕು, ಬಿ.ಜಿ. ಕೆರೆ, ಸುತ್ತಲಿನ ಹಟ್ಟಿಗಳಿಂದ ಟ್ರಾಕ್ಟರಿನಲ್ಲಿ, ಸೈಕಲ್ಲಿನಲ್ಲಿ. ಬಂಡಿಗಳು ಸಾಲಾಗಿ ನಿಂತು ಒಟ್ಟಿಗೆ ಗರ್ಜಿಸಿದಾಗ ಹೆಂಗಸರು ಸೆರಗು ಕಿವಿಗೆ ಒತ್ತಿಕೊಂಡರು. ನಾವಿಬ್ಬರೂ ಬೇವಿನ ಮರದ ಎದುರು ಹಗ್ಗ ಹಿಡಿದು ನಿಂತಿದ್ದೆವು. ಬಿಟ್ಟರು. ಧೂಳು, ಸದ್ದು. ನಾನು ಅವರ ಕಡೆ ನೋಡಲಿಲ್ಲ, ಅವರೂ ನನ್ನ ಕಡೆ ನೋಡಲಿಲ್ಲ. ಎರಡನೇ ಸುತ್ತಿಗೆ ತಡೆಯಲಾರದೆ ಕೇಳಿದರು.

“ಎಲ್ಲೈತೆ?”

“ಕೆಂಪುದ್ರ ಹಿಂದೆ. ಅದ್ರ ಹಿಂದೆ ನೀಲಿ.”

“ತಿರುವಿನಾಗೆ ಒಳಗಡೆ ಹಿಡಿದ್ನಾ, ಹೊರಗಡೆನಾ?”

“ಹೊರಗಡೆ.”

“ಥತ್. ಒಳಗಡೆ ಟಾರು ಚೆನ್ನಾಗೈತೆ.” ಸದ್ದು ಕೇಳಿಸಿಕೊಂಡು, “ಗೇರು ಬೇಗ ಹಾಕ್ತಾನೆ. ಆ ಇಂಜಿನ್ನು ಇನ್ನೂ ಎಳೀತೈತೆ, ಬಿಡಬೇಕು ಅದನ್ನ,” ಅಂದರು. ಅಷ್ಟು ಬಂಡಿಗಳ ಸದ್ದಿನಲ್ಲಿ ನಮ್ಮದನ್ನು ಮಾತ್ರ ಬೇರೆ ಮಾಡಿ ಕೇಳುತ್ತಿದ್ದರು. ಅವರ ಬಲಗೈ ಹಗ್ಗದ ಮೇಲೆ ಗೇರು ಬದಲಾಯಿಸುತ್ತಿತ್ತು, ಎಡಗಾಲು ಮಣ್ಣಲ್ಲಿ ಕ್ಲಚ್ ಒತ್ತುತ್ತಿತ್ತು.

ಪ್ರತಿ ಸುತ್ತಿಗೂ ಹೇಳುತ್ತ ಹೋದೆ. ಕೆಂಪನ್ನು ದಾಟಿತು. ಬಿಳಿಯದು ಕೆಟ್ಟು ಪಕ್ಕಕ್ಕೆ ನಿಂತಿತು. ನೀಲಿ ಹತ್ತಿರ ಬಂತು, ಹಿಂದುಳಿಯಿತು. ನಾನು ಬೆರಳು ತೋರಿಸುತ್ತಿದ್ದೆ, ಅವರಿಗೆ ಬೆರಳು ಕಾಣದು ಅನ್ನುವುದೂ ಮರೆತು. ನಡುವೆ ಒಂದು ಸಲ ಹಳದಿ ಬಾವುಟ ಬೀಸಿತು. ನಮ್ಮ ಬಂಡಿ ನಿಧಾನವಾಯಿತು. ಬ್ರೇಕ್ ಹಿಡಿದ ಸದ್ದು ಅವರಿಗೂ ಕೇಳಿತು.

“ಬಾವುಟ ಬೀಸಿದ್ರಾ?”

“ಹೂಂ.”

“ನೋಡ್ದನಾ ಅವನು?”

“ನೋಡ್ದ.”

ಅವರ ಕೈ ಹಗ್ಗದ ಮೇಲೆ ನಿಂತಿತು. “ಸಾಕು. ಇನ್ನು ಹೇಳಬೇಡ,” ಅಂದು ಹಗ್ಗ ಬಿಟ್ಟು ಹೋಗಿ ಲಾರಿಯ ನೆರಳಲ್ಲಿ ಬೆನ್ನು ಮಾಡಿ ಕೂತರು. ರೇಸು ಇನ್ನೂ ಅರ್ಧ ಇತ್ತು. ನಾನು ಒಬ್ಬಳೇ ನೋಡಿದೆ. ನಮ್ಮ ಬಂಡಿ ಎರಡನೆಯದಾಗಿ ಬಂತು. ಕೈಯಲ್ಲಿ ಬಡಿದ ಬಂಡಿ ಕಂಪನಿಯ ಬಂಡಿಗಳನ್ನು ಹಿಂದೆ ಹಾಕಿತು ಅಂತ ಜನ ಕೇಕೆ ಹಾಕಿದರು, ಸಾಹುಕಾರರು ಮಂಡಕ್ಕಿ ಹಂಚಿದರು.

ಕೊಯಮತ್ತೂರಿನವರು ತಮಗೆ ಕೊಟ್ಟ ಸಣ್ಣ ಕಪ್ಪನ್ನು ತಂದು ನಮ್ಮವರ ಮುಂದೆ ಹಿಡಿದರು. “ಇದು ನಿಮ್ದು ಆಚಾರ್ರೆ.”

“ಓಡ್ಸಿದ್ದು ನೀವು. ನೀವೇ ಇಟ್ಕಳ್ರಿ,” ಅಂದರು. ಕೋಪದಿಂದ ಅಲ್ಲ. ಆಮೇಲೆ, “ತಿರುವಿನಾಗೆ ಒಳಗಡೆ ಹಿಡಿದಿದ್ರೆ ಮೊದಲನೆಯದು ಆಗ್ತಿತ್ತು,” ಅಂದರು. ಡ್ರೈವರು ಬಾಗಿ ಕಾಲು ಮುಟ್ಟಿದರು. ನಮ್ಮವರಿಗೆ ಅದು ಕಂಡಿತೋ ಇಲ್ಲವೋ.

ಬಿಳಿ ಟೋಪಿಯ ಸಾಹೇಬರು ಹೊರಡುವಾಗ, “ಮುಂದಿನ ವರ್ಷವೂ ಇಲ್ಲೇ ಮಾಡೋಣ, ಅಷ್ಟರಲ್ಲಿ ಕಣ್ಣು ಸರಿ ಮಾಡಿಸ್ಕೊಳ್ಳಿ,” ಅಂದರು. ಅದನ್ನು ಹಿಡಿದುಕೊಂಡು ಯಜಮಾನರು ದುರ್ಗಕ್ಕೆ ಹೋಗಿ ಒಂದಾದ ಮೇಲೊಂದು ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡರು. ತಿಂಗಳುಗಟ್ಟಲೆ ಬೆಂಕಿಯ ಹತ್ತಿರ ಹೋಗದೆ ಕರೀ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತರು. ಕುಲುಮೆಯನ್ನು ಆದಷ್ಟು ನಾನೇ ನೋಡಿಕೊಂಡೆ. ದೃಷ್ಟಿ ಬಂತು. ಪೆಡಲನ್ನು ಮತ್ತೆ ತಮ್ಮ ಕಾಲಿನ ಅಳತೆಗೆ ಹಿಂದಕ್ಕೆ ಬೆಸೆದುಕೊಂಡರು.

ರೇಸು ಬರಲಿಲ್ಲ. ಸಾಹುಕಾರರು ಬೆಂಗಳೂರಿಗೆ ಫೋನ್ ಮಾಡಿ ಕೇಳಿದರು. ಆ ರಸ್ತೆಗೆ ಈಗ ಬಸ್ಸು ಬಿಟ್ಟಿದ್ದಾರೆ, ಮುಚ್ಚಲು ಒಪ್ಪಿಗೆ ಸಿಗಲ್ಲ, ಬೇರೆ ಕಡೆ ಮಾಡುವುದು ಪಾಯಿಂಟಿನ ರೇಸು ಮಾತ್ರ ಅಂದರಂತೆ.

ಒಂದು ದಿನ ಸಾಹುಕಾರರ ಲಾರಿ ಅರ್ಧ ಲೋಡು ಹಿಂಡಿ ತುಂಬಿಕೊಂಡು ಮೊಳಕಾಲ್ಮೂರಿಗೆ ಹೊರಟಿತ್ತು. ಉಳಿದ ಅರ್ಧಕ್ಕೆ ಬಂಡಿ ಏರಿಸಿದರು. ನನಗೆ ಬಾ ಅನ್ನಲಿಲ್ಲ, ನಾನೇ ಹತ್ತಿ ಕೂತೆ. ಬೆಳಕು ಹರಿದು ಸ್ವಲ್ಪ ಹೊತ್ತಾಗಿತ್ತು. ಆ ರಸ್ತೆಯಲ್ಲಿ ಇಳಿಸಿ, ಹೆಲ್ಮೆಟ್ಟು ಹಾಕಿಕೊಂಡು, ಹೊಸದರಲ್ಲಿ ಹೋಗಿ ಹಳೇದರಲ್ಲಿ ಬಂದರು. ಬೇವಿನ ಮರದ ತಿರುವಿನಲ್ಲಿ ಒಳಗಡೆಯೇ ಹಿಡಿದರು. ಎದುರಿಗೆ ಒಂದು ಬಸ್ಸು ಬಂತು. ದೂರದಿಂದಲೇ ನೋಡಿ, ನಿಧಾನ ಮಾಡಿ, ಅಂಚಿಗೆ ಸರಿದು ದಾರಿ ಕೊಟ್ಟರು. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, “ಯಜಮಾನ, ಸಾಯಾಕೆ ಬೇರೆ ರಸ್ತೆ ಸಿಗ್ಲಿಲ್ವಾ?” ಅಂದ.

ಬಂಡಿ ನಿಲ್ಲಿಸಿ, ಇಂಜಿನ್ ಆರಿಸಿ, ಒಳಗೇ ಕೂತರು. ನಾನು ಹತ್ತಿರ ಹೋದೆ.

“ಕಾಣ್ತಾ?”

“ಎಲ್ಲಾ ಕಾಣ್ತು. ಮರದಾಗೆ ಕಾಗೆ ಗೂಡೈತೆ, ಅದೂ ಕಾಣ್ತು.” ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡರು. “ಮುಂದೆ ಯಾರೂ ಇರ್ಲಿಲ್ಲ ಕಣೇ. ಹಿಂದೂ ಯಾರೂ ಇರ್ಲಿಲ್ಲ.”

ಅವತ್ತಿಗೂ ಇವತ್ತಿಗೂ ನಾನು ಮಾಡಿದ್ದು ಸರಿ ಅಂತಲೇ ಹೇಳುತ್ತೇನೆ. ಮತ್ತೆ ಅಂಥದೇ ಬಂದರೆ ಮತ್ತೆ ಹೋಗಿ ಹೇಳುತ್ತೇನೆ. ಅವರು ಆಮೇಲೆ ಬಹಳ ವರ್ಷ ಬದುಕಿದರು. ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಊಟ ಬಿಡಲಿಲ್ಲ.

ಹಾಗೆ ಒಬ್ಬರೇ ಓಡಿಸಿ ಬಂದ ವಾರದಲ್ಲೇ ಇಂಜಿನ್ ಬಿಚ್ಚಿ ಸಾಹುಕಾರರಿಗೆ ವಾಪಸ್ಸು ಕೊಡುವುದು ಅಂತ ಆಯಿತು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಸರಪಳಿ ಎಳೆದರೆ ಇನ್ನೊಬ್ಬರು ಕೆಳಗೆ ಹಿಡಿದು ತಿರುಗಿಸಿ ಇಳಿಸಬೇಕು. ನಾನು ಒಳಗೆ ಸಜ್ಜೆ ರೊಟ್ಟಿ ತಟ್ಟುತ್ತಿದ್ದೆ. ಶೆಡ್ಡಿನಲ್ಲಿ ಸರಪಳಿಯ ಸದ್ದು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಕರೆಯುತ್ತಾರೆ ಅಂತ ಕೈಯ ಹಿಟ್ಟು ತೊಳೆದುಕೊಂಡು ಬಾಗಿಲಿಗೆ ಬಂದು ನಿಂತೆ. ಕರೆಯಲಿಲ್ಲ.